ಖಾಲಿ ಸ್ಟ್ರಿಪ್ ಮುಟ್ಟದ ಸರ್ದಾರಣ್ಣ

ಕಳಸದ ಜೀಪು ಚಾಲಕ ಬಂಧುಗಳೇ, ಕೆಲಸ ಬಿಟ್ಟು ಬಂದಿರುವ ಬಾಳೂರು ಕಡೆಯ ತೋಟದವರೇ, ಎಲ್ಲರಿಗೂ ನಮಸ್ಕಾರ. ಸರ್ದಾರಣ್ಣನ ಮಗಳು ತಸ್ಲೀಮಾ ಮುಂದೆ ಕೂತಿದ್ದಾಳೆ. ನಿನಗೂ, ಗಂಡ ತೀರಿಕೊಂಡ ಮೇಲಿನ ಇದ್ದತ್ ಇರುವುದರಿಂದ ಮನೆಯಲ್ಲೇ ಇರುವ ನಿನ್ನ ತಾಯಿ ರೌಶನ್ ಬೀ ಅಕ್ಕನಿಗೂ ನಮ್ಮೆಲ್ಲರ ಸಾಂತ್ವನ, ಮಗಳೇ.

ನಾನು ಕಲ್ಲೇಶ್. ದಿವಂಗತ ಸರ್ದಾರಣ್ಣನ ಜೊತೆ ಇದೇ ಲೈನಿನಲ್ಲಿ ಹದಿನಾರು ವರ್ಷ ಜೀಪು ಓಡಿಸಿದವನು. ಭಾಷಣ ಬರೋದಿಲ್ಲ. ತಪ್ಪು ಒಪ್ಪಿಕೊಳ್ಳೋಕೆ ಬರುತ್ತೆ — ಅದನ್ನೇ ಮಾಡ್ತೀನಿ.

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಲ್ಲ. ಮಾತ್ರೆ ಮುಗೀತಾ — ಖಾಲಿ ಸ್ಟ್ರಿಪ್ ಜೀಪಿನವನ ಕೈಗೆ! ಮೆಡಿಕಲ್‌ನಲ್ಲಿ ತೋರಿಸಿದರೆ ಹೊಸದು ಸಂಜೆ ಟ್ರಿಪ್ಪಿಗೆ ಬಾಗಿಲಿಗೇ ಬರುತ್ತೆ. ಚೀಟಿ ಇಲ್ಲ, ಡಾಕ್ಟರೂ ಇಲ್ಲ. ಸೊಂಟಕ್ಕೆ ಪೆಟ್ಟಾದಾಗ ನನಗೆ ಬರೆದುಕೊಟ್ಟಿದ್ದು ಹತ್ತು ದಿನದ ನಿದ್ದೆ ಮಾತ್ರೆ. ಊರವರ ಸ್ಟ್ರಿಪ್ಪಿನ ಜೊತೆ ನನ್ನದನ್ನೂ ಸೇರಿಸಿ ಸೇರಿಸಿ — ಎರಡು ವರ್ಷ ನುಂಗಿದೆ. ಒಂದು ಹೋಗಿ ಎರಡಾಯಿತು. ಎರಡೂ ಸಾಲದಾಯಿತು.

ಒಂದು ಬೆಳಿಗ್ಗೆ ಬಾಳೂರು ತಿರುವಿನಲ್ಲಿ ಕಣ್ಣು ಮುಚ್ಚಿ ಹೋಯಿತು. ಜೀಪು ಚರಂಡಿಗಿಳಿಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಹಿಂದೆ ಬರುತ್ತಿದ್ದ ಸರ್ದಾರಣ್ಣ ಓಡಿ ಬಂದು, ಹೀಗೆ — ಕೀಲಿ ಕಿತ್ತುಕೊಂಡರು.

"ಹನ್ನೊಂದು ಜನ ಇದಾರೆ ಮಾರಾಯಾ! ಕಣ್ಮುಚ್ಕೊಂಡು ಇವ್ರನ್ನೆಲ್ಲ ಎಲ್ಲಿಗೆ ಕರ್ಕೊಂಡು ಹೊರಟಿದ್ದೆ?"

ಅದೇ ಸಿಟ್ಟಿನಲ್ಲಿ ಅವರೂ ಒಂದು ಎಡವಟ್ಟು ಮಾಡಿದರು. ನನ್ನ ಮಾತ್ರೆಗಳನ್ನೆಲ್ಲ ಬಚ್ಚಲ ಒಲೆಗೆ ಹಾಕಿದರು. ಮೂರನೇ ದಿನ ನನಗೆ ನಡುಕ, ಬೆವರು, ಫಿಟ್ಸ್! ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಇಬ್ಬರಿಗೂ ಮಂಗಳಾರತಿ ಮಾಡಿದರು. "ಇಷ್ಟು ದಿನ ತಿಂದಿದ್ದನ್ನ ಒಂದೇ ಸಲ ನಿಲ್ಸಿದ್ರೆ ಜೀವಕ್ಕೇ ಅಪಾಯ. ನಾನು ಹೇಳಿದ ಹಾಗೆ ಸ್ವಲ್ಪ ಸ್ವಲ್ಪನೇ ಇಳಿಸ್ಬೇಕು. ಇದ್ರ ಜೊತೆ ಕುಡಿಯೋ ಹಾಗಿಲ್ಲ. ನಾನು ಹೇಳೋವರೆಗೂ ಸ್ಟೇರಿಂಗ್ ಮುಟ್ಟೋ ಹಾಗಿಲ್ಲ."

ಸರ್ದಾರಣ್ಣ ತಲೆ ತಗ್ಗಿಸಿ ಕೇಳಿಸಿಕೊಂಡರು. ಆಮೇಲೆ ತಮ್ಮ ತಪ್ಪನ್ನು ಊರಿಗೆಲ್ಲ ತಾವೇ ಹೇಳಿಕೊಂಡು ತಿರುಗಿದರು! ನಿದ್ದೆ ಮಾತ್ರೆಯ ಖಾಲಿ ಸ್ಟ್ರಿಪ್ ಮತ್ತೆ ಮುಟ್ಟಲಿಲ್ಲ. "ಸ್ಟ್ರಿಪ್ ಬೇಡ, ಮನುಷ್ಯರನ್ನೇ ಹತ್ಸಿ. ಡಾಕ್ಟ್ರ ಹತ್ರ ನಾನು ಬಿಡ್ತೀನಿ" ಎನ್ನುತ್ತಿದ್ದರು. ಮಾತ್ರೆ ತಂದುಕೊಡಲಿಲ್ಲ ಅಂತ ಆಗ ಅವರಿಗೆ ಹಿಡಿಶಾಪ ಹಾಕಿದ ತುಂಗಮ್ಮನವರು — ಇಲ್ಲೇ ಇದ್ದಾರೆ, ನಗ್ತಿದ್ದಾರೆ ನೋಡಿ — ಅವರ ಜೀಪಿನಲ್ಲೇ ಹೋಗಿ ಬಂದು, ಈಗ ಮಾತ್ರೆ ಇಲ್ಲದೆ ಮಲಗ್ತಿದ್ದಾರೆ. ಇವತ್ತು ಲೈನಿನ ಎಲ್ಲ ಜೀಪಿನಲ್ಲೂ ಅದೇ ನಿಯಮ.

ನಾನು? ಏಳು ತಿಂಗಳಲ್ಲಿ ಅರ್ಧ ಮಾತ್ರೆಗೆ ಬಂದೆ. ಡಬ್ಬಿ ನನ್ನ ಹತ್ತಿರ ಇರಬಾರದು ಅಂತ ಡಾಕ್ಟರಮ್ಮ ಹೇಳಿದ್ದರಿಂದ ಅದು ರೌಶನ್ ಬೀ ಅಕ್ಕನ ಹತ್ತಿರ ಇದೆ. ದಿನಾ ಸಂಜೆ ಹೋಗಿ ಇಸ್ಕೊಂಡು ಬರಬೇಕು.

ಹನ್ನೆರಡು ದಿನದ ಹಿಂದೆ ಎದೆನೋವು ಬಂದು ಸರ್ದಾರಣ್ಣ ಹೋಗಿಬಿಟ್ಟರು. ಆ ಸಂಜೆ, ಮಣ್ಣು ಮುಗಿಸಿ ಬಂದು, ಅವರ ಬಾಗಿಲಲ್ಲಿ ನಿಂತು — ನಾಚಿಕೆ ಬಿಟ್ಟು ಹೇಳ್ತೀನಿ — ಎರಡು ಮಾತ್ರೆ ಕೇಳಿದೆ. ಇವತ್ತೊಂದು ದಿನ ಅಂತ ಅತ್ತುಬಿಟ್ಟೆ. ಈ ತಸ್ಲೀಮಾ ಹೊರಗೆ ಬಂದಳು. ಕಣ್ಣು ಊದಿತ್ತು. ಅಂಗೈಯಲ್ಲಿ ಅರ್ಧ ಮಾತ್ರೆ.

"ಅಮ್ಮಿ ಅರ್ಧಾನೇ ಕೊಟ್ಟಿದಾರೆ ಮಾಮ. ಬುಧವಾರ ಡಾಕ್ಟ್ರ ಹತ್ರ ನಿಮ್ಮನ್ನ ನಾನು ಕರ್ಕೊಂಡು ಹೋಗ್ಬೇಕಂತೆ."

ಕರೆದುಕೊಂಡು ಹೋದಳು. ಆ ಬುಧವಾರದಿಂದ ನನಗೆ ಕಾಲು ಮಾತ್ರೆ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಸರ್ದಾರಣ್ಣನಿಗಾಗಿ ಎರಡು ನಿಮಿಷ ಸುಮ್ಮನಿರೋಣ.