ಜೀಪಿಗೆ ನಾಲ್ಕಿಂಚು, ಸಾವಕ್ಕನಿಗೆ ಸ್ಟೂಲು

"ನಾಲ್ಕಿಂಚು ಎತ್ತರಿಸಿದ್ರ, ಈ ಮಣಕಾಲು ಇಟಗೊಂಡು ನಾ ಹತ್ತೂದು ಹೆಂಗ? ನಿಮ್ಮ ತಲಿ ಮ್ಯಾಲೆ ಕಾಲಿಟ್ಟು ಹತ್ಲೇನು?"

ಅಣ್ಣಿಗೇರಿಯ ಗ್ಯಾರೇಜಿನಲ್ಲಿ ಸಾವಕ್ಕ ಗಂಡ ಮಲಕಪ್ಪನ ಮೇಲೆ ಹರಿಹಾಯ್ದ ರಭಸಕ್ಕೆ, ಪಂಕ್ಚರ್ ಹಾಕಿಸಲು ಕೂತಿದ್ದ ಹನುಮೇಶನ ಚಹಾ ಅಂಗಿಯ ಮೇಲೆ ಚೆಲ್ಲಿತು.

"ಹಳೇ ಜೀಪು ಎರಿ ಮಣ್ಣಾಗ ಹೊಟ್ಟಿ ಹಚ್ಚಿ ಮಲಗತೈತಿ. ಸ್ಪ್ರಿಂಗ್ ಎತ್ತರಿಸಿ ದೊಡ್ಡ ಹಲ್ಲಿನ ಟೈರ್ ಹಾಕಸಾಕಬೇಕು," ಎಂದ ಮಲಕಪ್ಪ. "ನಿನಗ ಸ್ಟೂಲ್ ತಂದೇನಲ್ಲ!"

"ನಾ ಹತ್ತಿ ಕುಂತ ಮ್ಯಾಲೆ ಸ್ಟೂಲ್ ಯಾರು ಎತ್ತಿ ಇಡ್ತಾರ?"

"ಹಗ್ಗ ಕಟ್ಟೇನಿ. ಕುಂತಲ್ಲೇ ಜಗ್ಗಿಕೊ."

"ನಾ ಹೊಲಕ್ಕ ಹೊಂಟೇನೋ, ಬಾವಿ ನೀರು ಸೇದಾಕ ಹೊಂಟೇನೋ?"

"ಕಾಲಿಟ್ಟು ಹತ್ತಾಕ ಬಾಜೂಕ ಒಂದು ಪಾವಟಿಗಿ ವೆಲ್ಡಿಂಗ್ ಮಾಡಿ ಕೊಡ್ತೇನ್ರಿ ಅಕ್ಕಾರ," ಎಂದ ಮಿಸ್ತ್ರಿ ಮಡಿವಾಳೆಪ್ಪ.

"ಬ್ಯಾಡ! ಪಾವಟಿಗಿ ಕೆಸರಾಗ ಸಿಕ್ಕೊಂಡ್ರ ಜೀಪ್ ಎತ್ತರಿಸಿ ಏನ್ ಬಂತು?" ಮಲಕಪ್ಪ ಗುಡುಗಿದ.

"ಹಂಗಾರ ಸ್ಟೂಲನ್ನ ಬಾಜೂಕ ಕುಂದ್ರಿಸಿಕೊಂಡು ಹೋಗ್ರಿ. ಬುತ್ತೀನೂ ಅದ ಕಟ್ಟತೈತಿ."

ಸಾವಕ್ಕ ಹೊರಗೆ ನಡೆದು ತಮ್ಮೂರು ತಿರ್ಲಾಪುರದ ಬಸ್ಸಿಗೆ ಕೈ ಮಾಡಿದಳು. ಅದರ ಮೆಟ್ಟಿಲೂ ಎತ್ತರವೇ.

"ಹತ್ತಾಕಾಗೂದಿಲ್ಲ. ತಿರುಗಿ ಬರ್ತಾಳ, ನೋಡ್ರಿ," ಎಂದ ಮಲಕಪ್ಪ.

"ಕೈ ಕೊಡ್ರಿ ಅವ್ವಾರ," ಎಂದು ಕಂಡಕ್ಟರ್ ಬಾಗಿದ. ಸಾವಕ್ಕ ಆ ಕೈ ಹಿಡಿದು ಹತ್ತಿದಳು. ಬಸ್ಸು ಹೋಯಿತು.

ಮಲಕಪ್ಪ ಸ್ಟೂಲಿನ ಹಗ್ಗ ಹಿಡಿದುಕೊಂಡೇ ನಿಂತಿದ್ದ.