ಮೂರೂ ಒಟ್ಟಿಗೋ, ಒಂದಾದ ಮೇಲೊಂದೋ

ಶಿಕ್ಷೆ ಎಷ್ಟೆಂದು ತಿಳಿಯಲು ನ್ಯಾಯಾಲಯದ ಹೊರಗಿನ ಬೆಂಚಿನ ಮೇಲೆ ಅಪರಾಧಿಯ ಅಕ್ಕನೂ, ಅವನಿಂದ ಕೈ ಮುರಿಸಿಕೊಂಡ ಗೋದಾಮಿನ ಕಾವಲುಗಾರನೂ ಕಾದು ಕೂತಿದ್ದರು. ನಡುವೆ ಸಿಕ್ಕಿಕೊಂಡ ಯಾರೋ ಅಜ್ಜಿಗೆ ಎರಡು ಕಿವಿಯೂ ಸಾಲದಾಗಿದ್ದವು.

“ಅಣ್ಣಾ, ಅವನದು ಇದೇ ಮೊದಲ ತಪ್ಪು.”

“ಅಣ್ಣ ಗಿಣ್ಣ ಅನ್ನಬೇಡ. ಬೀಗ ಒಡೆದ, ನನ್ನ ಕೈ ಮುರಿದ, ವ್ಯಾನು ಕದ್ದ. ಮೊದಲನೇ ಸಲಕ್ಕೇ ಮೂರು!”

“ಎಲ್ಲಾ ಒಂದೇ ಗಳಿಗೇಲಿ ಆಗಿದ್ದಲ್ವಾ? ಮೂರು ಶಿಕ್ಷೇನೂ ಒಟ್ಟಿಗೇ ಅನುಭವಿಸಿದ್ರೆ ಸಾಕು ಅಂತಾರೆ ಅಂದ್ರು ವಕೀಲರು.”

“ಒಂದು ಕೊಂಡರೆ ಎರಡು ಪುಕ್ಕಟೆ! ಇದೇನು ಅಂಗಡಿನಾ?”

“ಒಂದಾದ ಮೇಲೊಂದು ಅಂದ್ರೆ ಮುದುಕನಾಗಿ ಹೊರಗೆ ಬರ್ತಾನೆ. ಜಡ್ಜ್ ಎದುರು ನೀವೊಂದು ಮಾತು…”

“ಹೇಳಾಯ್ತು. ಅವನು ಬೀಗ ಒಡೆದಾಗ, ‘ಹೋಗಪ್ಪಾ, ಯಾರಿಗೂ ಹೇಳಲ್ಲ’ ಅಂದಿದ್ದೆ. ದಾರಿ ಬಿಟ್ಟು ನಿಂತಿದ್ದೆ. ಆಮೇಲೆ ಹೊಡೆದ. ಅದು ಹೇಗೆ ಒಂದೇ ತಪ್ಪಾಗುತ್ತೆ?”

“ಇದನ್ನ ಅವನು ನನಗೆ ಹೇಳಲಿಲ್ಲ.”

“ಹೇಳೋಕೆ ಮುಖ ಬೇಕಲ್ಲ!”

ಒಳಗಿನಿಂದ ಕೂಗು ಬಂತು. ಸೊಟ್ಟಗಾದ ಕೈಯಿಂದ ಚೀಲ ಹೆಗಲಿಗೇರಿಸಲಾಗದೆ ಕಾವಲುಗಾರ ತಿಣುಕಿದ. ಅವಳು ಎತ್ತಿ ಹಾಕಿದಳು.

“ಇದಕ್ಕೆಲ್ಲ ಶಿಕ್ಷೆ ಕಡಿಮೆ ಆಗಲ್ಲ.”

“ಗೊತ್ತು. ನೀವು ಮುಂದೆ ನಡೀರಿ.”

ಅವನು ಒಳಗೆ ಹೋದ. ಅವಳು ಬಾಗಿಲಲ್ಲಿ ಒಂದು ಕ್ಷಣ ನಿಂತು, ಹಿಂದೆಯೇ ಹೋದಳು.