ಆ ಮನೆಯ ವಿಶೇಷ ವಿಷಯ

ಗದಗದ ಕಡೆ ಒಂದು ಊರು. ಆ ಊರಿನ ಕ್ರೈಸ್ತ ಸಭೆಯಲ್ಲಿ ಹಾಡಿಸುವವನೊಬ್ಬ ಇದ್ದ ಅಂತಿಟ್ಟುಕೊಳ್ಳಿ. ಹೆಸರು ದೇವದಾನ. ಅವನು ಹಾರ್ಮೋನಿಯಂ ಮುಂದೆ ಕೂತನೆಂದರೆ ಹಿಂದಿನ ಬೆಂಚಿನಲ್ಲಿ ತೂಕಡಿಸುವವರೂ ದನಿಗೂಡಿಸುತ್ತಿದ್ದರು. ಅಂಥವನಿಗೆ ಲಕ್ವಾ ಹೊಡೆಯಿತು. ಬಾಯಿ ವಾರೆಯಾಯಿತು, ಮಾತು ತೊದಲಿತು. ಹೆಂಡತಿ ಎಸ್ತೇರವ್ವ ಏನು ಮಾಡಿದಳು? ಆಸ್ಪತ್ರೆಯಿಂದ ಕರೆತಂದು ಒಳಕೋಣೆಯಲ್ಲಿ ಮಲಗಿಸಿ ಬಾಗಿಲು ಮುಂದೆ ಮಾಡಿದಳು. ಜನ ಕೇಳಿದರೆ ‘ಅಶಕ್ತಿ ಐತ್ರಿ’ ಎನ್ನುವಳು. ಭಾನುವಾರ ಸಭೆಯಲ್ಲಿ ಪ್ರಾರ್ಥನೆಗೆ ವಿಷಯ ಕೇಳಿದಾಗ ಎದ್ದು ನಿಂತು ‘ಒಂದು ವಿಶೇಷ ವಿಷಯಕ್ಕಾಗಿ ಪ್ರಾರ್ಥನಾ ಮಾಡ್ರಿ’ ಎಂದು ಕೂತುಬಿಡುವಳು. ನಗಬೇಡಿ. ನಾವೂ ಹೀಗೇ ಹೇಳುತ್ತೇವಲ್ಲವೇ?

ಒಂದು ಬೆಳಿಗ್ಗೆ ಎಸ್ತೇರವ್ವ ರೊಟ್ಟಿ ಬಡಿಯುತ್ತಿದ್ದಳು. ಮಗಳು ತಬಿತಾ ಪಕ್ಕದಲ್ಲಿ ಕೂತಿದ್ದಳು. ಒಳಗೆ ದೇವದಾನ ಆ ಬಡಿತವನ್ನೇ ತಾಳ ಮಾಡಿಕೊಂಡು ಹಾಡುತ್ತಿದ್ದ. ಹಾಡೆಂದರೆ ಎಂಥ ಹಾಡು! ‘ಸ್ತೋ... ಸ್ತೋ...’ ಎಂದು ಎಳೆಯುವುದು, ‘ತ್ರ’ ಸಿಕ್ಕ ಕೂಡಲೇ ಮಗುವಿನಂತೆ ನಗುವುದು.

‘ಸಿಕ್ತೇನ್ರಿ? ಗಟ್ಟಿ ಹಿಡಕೋರಿ, ಬಿಡಬ್ಯಾಡ್ರಿ!’ ಎಂದು ಎಸ್ತೇರವ್ವ ಒಲೆಯ ಮುಂದಿನಿಂದಲೇ ಕೂಗುವಳು.

ನೋಡಿ, ಗಟ್ಟಿಮುಟ್ಟಾಗಿದ್ದಾಗ ಈ ಮನುಷ್ಯ ಸಭೆಗೆಲ್ಲ ಹಾಡಿಸುವನು, ಮನೆಯಲ್ಲಿ ಮಾತ್ರ ಊಟದ ಪ್ರಾರ್ಥನೆಯನ್ನು ಹೆಂಡತಿಗೆ ಬಿಟ್ಟು ತಟ್ಟೆಗೆ ಕೈಹಾಕುವನು. ಈಗ? ದಿನಾ ಬೆಳಿಗ್ಗೆ ಮೂವರೂ ಕೈಹಿಡಿದು ಕೂರುತ್ತಾರೆ. ಅವನು ಒಂದೊಂದೇ ಪದ ಹುಡುಕಿ ಪ್ರಾರ್ಥಿಸುವಷ್ಟರಲ್ಲಿ ಚಹಾ ಆರಿಹೋಗುತ್ತದೆ. ಯಾರಿಗೂ ಅವಸರವಿಲ್ಲ. ಕಷ್ಟ ಹೋಗಿರಲಿಲ್ಲ. ಹೌದು, ಕಷ್ಟ ಹೋಗಿರಲಿಲ್ಲ. ಆದರೂ ಆ ಮನೆಗೆ ಹಿಂದೆಂದೂ ಇಲ್ಲದ ಒಂದು ಸಂತೋಷ ಬಂದಿತ್ತು. ಎಸ್ತೇರವ್ವ ನೋವನ್ನು ಮುಚ್ಚಿಡಲು ಹೋಗಿ ಆ ಸಂತೋಷವನ್ನೂ ಮುಚ್ಚಿಟ್ಟಿದ್ದಳು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಬಂದವಳು ಸ್ತ್ರೀಯರ ಕೂಟದ ಹಿರಿಯಳು ಶಾಂತವ್ವ. ಎಸ್ತೇರವ್ವ ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತಳು.

‘ಸ್ತೋತ್ರ ಎಸ್ತೇರವ್ವಾ! ಸಂಜಿಕೆ ಮನಿಕೂಟ ನಿಮ್ಮಲ್ಲೇ, ನೆನಪೈತಿಲ್ಲೋ?’

‘ಈ ಸಲ ಬ್ಯಾಡ್ರಿ ಅಕ್ಕಾ. ಮುಂದ ನೋಡೂಣು.’

‘ಹೋದ ಸಲಾನೂ ಹಿಂಗ ಅಂದಿ. ಇಷ್ಟು ಮಂದಿಗೆ ಚಾ ಕುಡಿಸಬೇಕಾಗ್ತೈತಂತ ಹೆದರಿಕೊಂಡಿ ಏನು?’

‘ಛೇ, ಹಂಗಲ್ರಿ. ಒಂದು ವಿಶೇಷ ವಿಷಯ ಐತ್ರಿ. ನೀವು ಪ್ರಾರ್ಥನಾ ಮಾಡ್ರಿ, ಅಷ್ಟ ಸಾಕು.’

ಒಳಗೆ ಹಾಡು ನಿಂತಿತು. ಜನರ ನಡುವೆ ಬದುಕಿದವನು ಅವನು. ಸಂಜೆ ನಾಲ್ಕು ಜನ ಬಂದಾರೆಂದು ಕಾದಿದ್ದ. ತಬಿತಾ ಒಳಕೋಣೆಯ ಕಡೆ ನೋಡಿದಳು, ಅವ್ವನ ಮುಖ ನೋಡಿದಳು. ಎಷ್ಟೋ ಭಾನುವಾರಗಳಿಂದ ಬಾಯಿಗೆ ಬಂದದ್ದನ್ನು ಆ ಮಗು ನುಂಗಿಕೊಂಡಿತ್ತು. ಅವತ್ತು ನುಂಗಲಾಗಲಿಲ್ಲ.

‘ಯವ್ವಾ, ವಿಶೇಷ ವಿಷಯ ಅಂದ್ರ ನಮ್ಮಪ್ಪನೇನು? ಅಪ್ಪ ಅಂತ ಯಾಕ ಹೇಳವಲ್ಲಿ?’

ಹಂಚಿನ ಮೇಲೆ ರೊಟ್ಟಿ ಸೀದುಹೋಯಿತು. ಒಳಗಿನಿಂದ ದೇವದಾನ ನಗುವುದು ಕೇಳಿಸಿತು. ‘ಹೌ...ದು. ನಾ...ನ!’

ಎಸ್ತೇರವ್ವ ಅತ್ತಳೋ ನಕ್ಕಳೋ ಅವಳಿಗೇ ತಿಳಿಯಲಿಲ್ಲ. ಬಾಗಿಲಿಂದ ಸರಿದು ನಿಂತಳು. ‘ಒಳಗ ಬರ್ರಿ ಅಕ್ಕಾ. ಇವರಿಗೆ ಲಕ್ವಾ ಹೊಡದೈತ್ರಿ. ಬರ್ರಿ, ಹೆಂಗ ಹಾಡ್ತಾರ ನೋಡ್ರಿ.’

ಸಂಜೆ ಮನೆ ತುಂಬ ಜನ. ಅವನು ‘ಸ್ತೋ...’ ಎಂದು ನಿಂತಾಗ ಎಲ್ಲರೂ ಕಾದರು. ‘ತ್ರ’ ಬಂದಾಗ ಎಲ್ಲರೂ ಒಟ್ಟಿಗೆ ಮುಂದಿನ ಸಾಲು ಎತ್ತಿಕೊಂಡರು. ಆ ಸಭೆ ಅಷ್ಟು ನಿಧಾನವಾಗಿ ಯಾವತ್ತೂ ಹಾಡಿರಲಿಲ್ಲ, ಅಷ್ಟು ಮನಸ್ಸಿಟ್ಟೂ ಹಾಡಿರಲಿಲ್ಲ.

ಪ್ರಿಯರೇ, ಕಷ್ಟ ತೀರಿದ ಮೇಲೆ ದೇವರು ಮಾಡಿದ್ದಕ್ಕೆ ಸಾಕ್ಷಿ ಹೇಳೋಣ ಎಂದು ನಾವು ಕಾಯುತ್ತೇವೆ. ಕಷ್ಟ ತೀರುವವರೆಗೂ ಕರ್ತನು ಹೊರಗೆ ನಿಂತಿರುತ್ತಾನೆಯೇ? ಅವನು ಈಗಲೇ ಒಳಕೋಣೆಯಲ್ಲಿದ್ದಾನೆ. ಇವತ್ತು ಊಟಕ್ಕೆ ಮುಂಚೆ ಮನೆಯವರೆಲ್ಲ ಕೈಹಿಡಿದು ಕೂರಿ. ಕಷ್ಟವನ್ನು ಹೆಸರು ಹಿಡಿದು ಹೇಳಿ. ಅದರ ನಡುವೆ ದೇವರು ಕೊಟ್ಟ ಒಂದು ಸಂತೋಷವನ್ನೂ ಹೆಸರು ಹಿಡಿದು ಹೇಳಿ, ಚಿಕ್ಕದಾದರೂ ಸರಿ. ಮಕ್ಕಳು ಏನಾದರೂ ಕೇಳಲು ಬಾಯಿ ತೆರೆದರೆ ‘ಸುಮ್ಮನಿರು’ ಎನ್ನಬೇಡಿ. ಕೇಳಲಿ.